ಮಾವನ ಸಿ-90 ಕ್ಯಾಸೆಟ್ಟು: ಒಂದು ರಾಕ್ ಬ್ಯಾಂಡಿನ ಮೇಲಿನ ಪ್ರೀತಿ ನಲವತ್ತು ವರ್ಷ ಉಳಿಯುವುದು ಹೇಗೆ?

2024ರ ಅಕ್ಟೋಬರ್‌ನಲ್ಲಿ ಒಂದು ಸುದ್ದಿ ಬಂತು. ಇಂಗ್ಲೆಂಡಿನ ಹಳೆಯ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ಧ್ವನಿಮುದ್ರಣಗಳ ಹಕ್ಕನ್ನು ಸೋನಿ ಮ್ಯೂಸಿಕ್ ಕಂಪನಿ ಸುಮಾರು 40 ಕೋಟಿ ಡಾಲರ್ ಕೊಟ್ಟು ಕೊಂಡಿದೆ ಎಂದು ಪತ್ರಿಕೆಗಳು ಬರೆದವು. ನಮ್ಮ ಲೆಕ್ಕದಲ್ಲಿ ಮೂರು ಸಾವಿರ ಕೋಟಿ ರೂಪಾಯಿಗೂ ಮೇಲೆ. ಅದೂ ಹೊಸ ಹಾಡುಗಳಿಗಲ್ಲ, ಜನ ಐವತ್ತು ವರ್ಷದಿಂದ ಕೇಳುತ್ತಾ ಬಂದ ಹಾಡುಗಳಿಗೆ. ಶಿವಮೊಗ್ಗದ ನಮ್ಮ ಮನೆಯಲ್ಲಿ ಮಗಳು ಅದನ್ನು ಫೋನಿನಲ್ಲಿ ಓದಿ ಕೇಳಿದಳು: "ಅಪ್ಪ, ಇದು ತೀರ್ಥಹಳ್ಳಿ ಅಜ್ಜನ ಬ್ಯಾಂಡ್ ಅಲ್ವಾ?"

ತೀರ್ಥಹಳ್ಳಿ ಅಜ್ಜ ಅಂದರೆ ನನ್ನ ಸೋದರಮಾವ. ಆಗುಂಬೆ ರಸ್ತೆಯಿಂದ ಒಳಗೆ ಅವರ ಅಡಿಕೆ ತೋಟ. 1983ರಲ್ಲಿ ಹದಿನೆಂಟರ ಹುಡುಗನಾಗಿ ಶಿವಮೊಗ್ಗದ ಕಾಲೇಜಿಗೆ ಬಂದಾಗ ಕಿವಿಗೆ ಬಿದ್ದ ಈ ಬ್ಯಾಂಡನ್ನು ಅವರು ಇವತ್ತಿಗೂ ಬಿಟ್ಟಿಲ್ಲ. ಕೊನೆ ಕೊಯ್ಲಿನ ದಿನಗಳಲ್ಲಿ, ರಾತ್ರಿ ಚಪ್ಪರದಡಿ ಅಡಿಕೆ ಸುಲಿಯುವಾಗ ಅವರ ಟೇಪ್ ರೆಕಾರ್ಡರಿನಲ್ಲಿ ಒಂದು ಯಕ್ಷಗಾನದ ಕ್ಯಾಸೆಟ್ಟು, ಆಮೇಲೆ ಒಂದು ಪಿಂಕ್ ಫ್ಲಾಯ್ಡ್ ಎಂಬ ಸರದಿ ಇತ್ತು. ಸುಲಿಯಲು ಬರುತ್ತಿದ್ದ ಹೆಂಗಸರೇ "ಅಣ್ಣಯ್ಯಾ, ಆ ಗಡಿಯಾರದ್ದು ಹಾಕಿ" ಅನ್ನುತ್ತಿದ್ದುದನ್ನು ನಾನು ಚಿಕ್ಕವನಿದ್ದಾಗ ಕೇಳಿದ್ದೇನೆ.

ಮಗಳ ಮುಂದಿನ ಪ್ರಶ್ನೆ ಹೀಗಿತ್ತು: "ಅದದೇ ಹಾಡನ್ನ ನಲವತ್ತು ವರ್ಷ ಕೇಳಿದ್ರೆ ಬೇಜಾರಾಗಲ್ವಾ?" ಮೂರು ಸಾವಿರ ಕೋಟಿಯ ವ್ಯಾಪಾರ ನಿಂತಿರುವುದೂ ಇದೇ ಪ್ರಶ್ನೆಯ ಮೇಲೆ. ಬೇಜಾರಾಗದ ಜನ ಜಗತ್ತಿನ ತುಂಬ ಇದ್ದಾರೆ ಎಂಬ ಲೆಕ್ಕಾಚಾರದಲ್ಲೇ ಅಷ್ಟು ದುಡ್ಡು ಬಿದ್ದಿದೆ. ಯಾಕೆ ಬೇಜಾರಾಗುವುದಿಲ್ಲ ಎನ್ನುವುದನ್ನು ಬುಡದಿಂದ ನೋಡೋಣ. ರಾಕ್ ಸಂಗೀತ ಒಂದು ಸಲವೂ ಕೇಳದವರಿಗೂ ಇದು ಅರ್ಥವಾಗಬೇಕು ಎಂಬುದು ನನ್ನ ಆಸೆ.

ಬ್ಯಾಂಡ್ ಎಂದರೆ ಒಂದು ಮೇಳ

ನಮಗೆ ಹಾಡು ಎಂದರೆ ಹೆಚ್ಚಾಗಿ ಸಿನಿಮಾ ಹಾಡು. ಬರೆದವರು ಒಬ್ಬರು, ರಾಗ ಹಾಕಿದವರು ಇನ್ನೊಬ್ಬರು, ಹಾಡಿದವರು ಮತ್ತೊಬ್ಬರು, ಪರದೆಯ ಮೇಲೆ ತುಟಿ ಆಡಿಸುವವರು ಬೇರೆಯೇ. ವಾದ್ಯ ನುಡಿಸಿದ ಮೂವತ್ತು ಜನರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಬ್ಯಾಂಡಿನಲ್ಲಿ ಹಾಗಿಲ್ಲ. ಮೂವರೋ ನಾಲ್ವರೋ ಐವರೋ ಸೇರಿ ತಾವೇ ಬರೆದು, ತಾವೇ ಸ್ವರ ಹಾಕಿ, ತಾವೇ ನುಡಿಸಿ, ತಾವೇ ಹಾಡುತ್ತಾರೆ. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಯಕ್ಷಗಾನದ ಹಿಮ್ಮೇಳ. ಭಾಗವತರು, ಮದ್ದಳೆಯವರು, ಚಂಡೆಯವರು ವರ್ಷಗಟ್ಟಲೆ ಜೊತೆಗಿದ್ದು ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತಾಗುವ ಹಂತಕ್ಕೆ ಬಂದಿರುತ್ತಾರಲ್ಲ, ಹಾಗೆ. ಒಬ್ಬ ಭಾಗವತರಿಗಾಗಿಯೇ ಆಟದಿಂದ ಆಟಕ್ಕೆ ಹೋಗುವ ಜನ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಇದ್ದೇ ಇದ್ದಾರೆ. ಬ್ಯಾಂಡಿನ ಅಭಿಮಾನಿಯೂ ಅಂಥವನೇ. ಅವನ ಪ್ರೀತಿ ಬರೀ ಒಂದು ಹಾಡಿನ ಮೇಲಲ್ಲ, ಅದನ್ನು ಮಾಡಿದ ನಾಲ್ಕು ಜನರ ಮೇಲೂ ಇರುತ್ತದೆ. ಅವರು ಬೆಳೆದಂತೆ, ಜಗಳವಾಡಿದಂತೆ, ಮುದುಕರಾದಂತೆ ಇವನೂ ಜೊತೆಗೇ ನಡೆಯುತ್ತಾನೆ.

ರಾಕ್ ಎಂಬ ಸಂಗೀತ 1950ರ ದಶಕದ ಅಮೆರಿಕದಲ್ಲಿ ರೂಪ ಪಡೆಯಿತು. ಅದರ ತಾಯಿಬೇರು ಬ್ಲೂಸ್, ಅಂದರೆ ಕರಿಯ ಜನರು ಹತ್ತಿಹೊಲಗಳ ದುಡಿಮೆಯ ನೋವಿನಿಂದ ಕಟ್ಟಿಕೊಂಡ ಹಾಡುಗಾರಿಕೆ. ಅದಕ್ಕೆ ಕರೆಂಟಿನ ಗಿಟಾರು, ತಗ್ಗು ಸ್ವರದ ಬೇಸ್ ಗಿಟಾರು, ಡ್ರಮ್ಸ್, ಕೆಲವು ಸಲ ಕೀಬೋರ್ಡ್ ಸೇರಿದವು. 1960 ಮತ್ತು 70ರ ದಶಕದ ರಾಕ್ ಹಾಡುಗಳನ್ನೇ ಪದೇ ಪದೇ ಹಾಕುವ ಎಫ್‌ಎಂ ರೇಡಿಯೊಗಳು 1980ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿಕೊಂಡ ಮೇಲೆ ಆ ಹಾಡುಗಳಿಗೆ ಕ್ಲಾಸಿಕ್ ರಾಕ್ ಎಂಬ ಹೆಸರು ನಿಂತಿತು.

ಈ ನಾಲ್ವರು ಯಾರು

ಪಿಂಕ್ ಫ್ಲಾಯ್ಡ್ 1965ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ಮಾವ ಹುಟ್ಟಿದ್ದೂ ಅದೇ ವರ್ಷ, ಅವರಿಗೆ ಅದೊಂದು ಹೆಮ್ಮೆ. ಸಿಡ್ ಬ್ಯಾರೆಟ್, ರೋಜರ್ ವಾಟರ್ಸ್, ರಿಚರ್ಡ್ ರೈಟ್, ನಿಕ್ ಮೇಸನ್ ಎಂಬ ನಾಲ್ವರು ಹುಡುಗರು. ಅಮೆರಿಕದ ಇಬ್ಬರು ಬ್ಲೂಸ್ ಹಾಡುಗಾರರಾದ ಪಿಂಕ್ ಆಂಡರ್ಸನ್ ಮತ್ತು ಫ್ಲಾಯ್ಡ್ ಕೌನ್ಸಿಲ್ ಅವರ ಹೆಸರಿನ ಮೊದಲರ್ಧಗಳನ್ನು ಜೋಡಿಸಿ ಬ್ಯಾಂಡಿಗೆ ಹೆಸರಿಟ್ಟವನು ಸಿಡ್. ಮೊದಮೊದಲ ಹಾಡುಗಳನ್ನು ಬಹುಪಾಲು ಬರೆದವನೂ ಅವನೇ. ಆದರೆ ಎರಡೇ ವರ್ಷದಲ್ಲಿ, ಮಾದಕ ವಸ್ತುಗಳ ಸಹವಾಸವೂ ಸೇರಿ, ಅವನ ಮನಸ್ಸು ಹದ ತಪ್ಪಿತು. ವೇದಿಕೆಯ ಮೇಲೆ ನುಡಿಸದೆ ಸುಮ್ಮನೆ ನಿಂತುಬಿಡುತ್ತಿದ್ದ. ಗಿಟಾರ್ ನುಡಿಸುವ ಡೇವಿಡ್ ಗಿಲ್ಮೋರ್ ಎಂಬ ಗೆಳೆಯ ಬಂದು ಸೇರಿದ, 1968ರಲ್ಲಿ ಸಿಡ್ ಹೊರಬಿದ್ದ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1975ರ ಜೂನ್‌ನಲ್ಲಿ ಉಳಿದ ನಾಲ್ವರು ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊದಲ್ಲಿ, ಕೈಬಿಟ್ಟುಹೋದ ಆ ಗೆಳೆಯನ ನೆನಪಿನಲ್ಲೇ ಬರೆದ ಒಂದು ದೊಡ್ಡ ಹಾಡಿನ ಕೆಲಸದಲ್ಲಿದ್ದರು. ಆಗ ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡ ದಪ್ಪನೆಯ ಒಬ್ಬ ಮನುಷ್ಯ ಒಳಗೆ ಬಂದು ನಿಂತ. ಯಾರೋ ಸ್ಟುಡಿಯೊದ ಸಿಬ್ಬಂದಿ ಇರಬೇಕು ಎಂದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಗುರುತು ಸಿಕ್ಕಿತು. ಅವನೇ ಸಿಡ್. ಏಳು ವರ್ಷದ ಹಿಂದೆ ದಿನವೂ ಜೊತೆಗಿದ್ದವರಿಗೇ ಅವನು ಯಾರೆಂದು ತಿಳಿದಿರಲಿಲ್ಲ. ಅವರಲ್ಲಿ ಕೆಲವರು ಅತ್ತರು. ಆ ಹಾಡು ಸೇರಿದ ಆಲ್ಬಮ್ಮಿನ ಹೆಸರು 'ವಿಶ್ ಯು ವರ್ ಹಿಯರ್', ಅಂದರೆ 'ನೀನು ಇಲ್ಲಿ ಇರಬೇಕಿತ್ತು'.

ಈ ಒಂದು ಪ್ರಸಂಗ ಗೊತ್ತಿದ್ದು ಆ ಹಾಡು ಕೇಳುವುದಕ್ಕೂ ಗೊತ್ತಿಲ್ಲದೆ ಕೇಳುವುದಕ್ಕೂ ಇರುವ ಅಂತರವೇ ಅಭಿಮಾನಿಗೂ ಸಾಮಾನ್ಯ ಕೇಳುಗನಿಗೂ ಇರುವ ಅಂತರ. ಮಾವ ಈ ಕಥೆ ಹೇಳುವಾಗ ಐವತ್ತು ವರ್ಷದ ಹಿಂದಿನದ್ದು ಹೇಳುತ್ತಿದ್ದಾರೆ ಅನ್ನಿಸುವುದಿಲ್ಲ. ಪಕ್ಕದ ಮನೆಯ ಹುಡುಗನ ಸುದ್ದಿ ಹೇಳಿದ ಹಾಗಿರುತ್ತದೆ.

ಮುಂದಿನದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1979ರಲ್ಲಿ 'ದಿ ವಾಲ್' ಆಲ್ಬಮ್, 1985ರಲ್ಲಿ ವಾಟರ್ಸ್ ಜಗಳ ಮಾಡಿಕೊಂಡು ಹೊರಗೆ. 2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಒಂದೇ ಒಂದು ಸಂಜೆಗೆ ನಾಲ್ವರೂ ಮತ್ತೆ ಒಟ್ಟಿಗೆ ನಿಂತರು. ಮಾರನೆಯ ವರ್ಷ ಸಿಡ್ ತೀರಿಕೊಂಡ, 2008ರಲ್ಲಿ ರೈಟ್. ಅಲ್ಲಿಗೆ ಆ ಮೇಳ ಮತ್ತೆ ಕೂಡುವ ಆಸೆಯೂ ಹೋಯಿತು.

ಆಲ್ಬಮ್ ಒಂದು ಇಡೀ ಆಟ

ಎಲ್‌ಪಿ ಎಂದು ಕರೆಯುವ ದೊಡ್ಡ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಇಪ್ಪತ್ತು ನಿಮಿಷ ಚಿಲ್ಲರೆ ಸಂಗೀತ ಹಿಡಿಯುತ್ತಿತ್ತು. ಎರಡು ಮಗ್ಗುಲು ಸೇರಿ ಮುಕ್ಕಾಲು ಗಂಟೆಯಷ್ಟು. ಅಷ್ಟರಲ್ಲಿ ಎಂಟು ಹತ್ತು ಬಿಡಿ ಹಾಡು ತುಂಬುವುದು ರೂಢಿ. 60ರ ದಶಕದ ಕೊನೆಯ ಹೊತ್ತಿಗೆ ಕೆಲವು ಬ್ಯಾಂಡುಗಳು ಆ ಮುಕ್ಕಾಲು ಗಂಟೆಯನ್ನು ಒಂದೇ ವಸ್ತುವಿನ ಸುತ್ತ ಹೆಣೆಯತೊಡಗಿದವು. ಬಿಡಿ ಪದಗಳನ್ನು ಕೇಳುವುದಕ್ಕೂ ಪೂರ್ತಿ ಪ್ರಸಂಗ ನೋಡುವುದಕ್ಕೂ ಇರುವ ವ್ಯತ್ಯಾಸ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.

1973ರ ಮಾರ್ಚ್‌ನಲ್ಲಿ ಬಂದ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಅಂಥದ್ದು. ಹೆಸರಿನ ಅರ್ಥ 'ಚಂದ್ರನ ಕತ್ತಲೆಯ ಮಗ್ಗುಲು'. ಸುಮಾರು 43 ನಿಮಿಷ. ಎದೆಬಡಿತದಿಂದ ಶುರುವಾಗಿ ಎದೆಬಡಿತದಲ್ಲೇ ಮುಗಿಯುತ್ತದೆ. ನಡುವೆ ಓಡುವ ಕಾಲ, ದುಡ್ಡು, ಸಾವು, ಬುದ್ಧಿ ಕೆಡುವ ಭಯ ಬರುತ್ತವೆ. ಹೆಂಗಸರು ಕೇಳುತ್ತಿದ್ದ ಗಡಿಯಾರದ ಹಾಡು ಇದರಲ್ಲೇ ಇದೆ. ಧ್ವನಿ ತಂತ್ರಜ್ಞ ಆ್ಯಲನ್ ಪಾರ್ಸನ್ಸ್ ಹಳೆಯ ಗಡಿಯಾರಗಳ ಅಂಗಡಿಗೆ ಹೋಗಿ ಒಂದೊಂದನ್ನೇ ಬೇರೆ ಬೇರೆಯಾಗಿ ಮುದ್ರಿಸಿಕೊಂಡು ಬಂದಿದ್ದರು. ಅವೆಲ್ಲ ಒಟ್ಟಿಗೆ ಬಾರಿಸಿದಾಗ ಕೂತವರು ಬೆಚ್ಚುತ್ತಾರೆ.

ದುಡ್ಡಿನ ಹಾಡನ್ನು ಹೇಗೆ ಕಟ್ಟಿದರು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆಗ ಕಂಪ್ಯೂಟರ್ ಇಲ್ಲ. ವಾಟರ್ಸ್ ತನ್ನ ಹೆಂಡತಿ ಮಡಕೆಯ ಮಣ್ಣು ಕಲಸುತ್ತಿದ್ದ ಬೋಗುಣಿಯೊಳಗೆ ನಾಣ್ಯ ಎಸೆದು ಆ ಸದ್ದು ಹಿಡಿದ. ಕಾಗದ ಹರಿದ ಸದ್ದು, ಅಂಗಡಿಯ ಗಲ್ಲಾಪೆಟ್ಟಿಗೆ ಯಂತ್ರದ ಸದ್ದು ಎಲ್ಲ ಸೇರಿದವು. ಸದ್ದು ಮುದ್ರಿತವಾಗುವುದು ಉದ್ದನೆಯ ಪ್ಲಾಸ್ಟಿಕ್ ಪಟ್ಟಿಯ ಮೇಲೆ, ನಾವು ರೀಲು ಅನ್ನುತ್ತೇವಲ್ಲ ಅದರ ಮೇಲೆ. ಆ ರೀಲು ಒಂದೇ ವೇಗದಲ್ಲಿ ಓಡುವುದರಿಂದ ಇಷ್ಟು ಉದ್ದಕ್ಕೆ ಇಷ್ಟು ಕಾಲ ಎಂದು ಲೆಕ್ಕ ಸಿಗುತ್ತದೆ. ಅವರು ಪ್ರತಿ ಸದ್ದಿನ ತುಂಡನ್ನು ಅಳತೆಪಟ್ಟಿಯಲ್ಲಿ ಅಳೆದು, ಸಮನಾಗಿ ಏಳು ತುಂಡು ಕತ್ತರಿಸಿ, ಅಂಟಿಸಿ ಒಂದು ಬಳೆ ಮಾಡಿದರು. ಬಳೆ ತಿರುಗಿದಷ್ಟೂ ಹೊತ್ತು ಏಳು ಪೆಟ್ಟು ಮತ್ತೆ ಮತ್ತೆ ಬರುತ್ತದೆ.

ಏಳು ಯಾಕೆ ವಿಶೇಷ? ಪಶ್ಚಿಮದ ಜನಪ್ರಿಯ ಹಾಡುಗಳು ಹೆಚ್ಚುಕಡಿಮೆ ಎಲ್ಲ ನಾಲ್ಕರ ಎಣಿಕೆಯಲ್ಲಿ ನಡೆಯುತ್ತವೆ. ಏಳು ಅವರ ಕಿವಿಗೆ ಕುಂಟಿದ ಹಾಗೆ ಕೇಳುತ್ತದೆ. ನಮಗೆ ಅದು ಮಿಶ್ರ ಛಾಪು. 'ತಕಿಟ ತಕದಿಮಿ' ಎಂದು ಮೂರು ನಾಲ್ಕು ಸೇರಿದ ಏಳು. ಯಕ್ಷಗಾನದ ತ್ರಿವುಡೆ ತಾಳದ ಲೆಕ್ಕವೂ ಏಳೇ. ಒಳಗಿನ ಒತ್ತುಗಳು ಬೇರೆ ಬೇರೆ ಇರಬಹುದು, ಎಣಿಕೆ ಒಂದೇ. ಮಾವ ಮೊದಲ ಸಲ ಕೇಳಿದಾಗ ತೊಡೆ ಮೇಲೆ ತಾಳ ಹಾಕುತ್ತಾ ಏಳಕ್ಕೆ ಸರಿಯಾಗಿ ಬಂದು ನಿಂತರಂತೆ. "ಬೇರೆಯವರಿಗೆ ಅದು ಇಂಗ್ಲಿಷ್ ಹಾಡು. ನಂಗೆ ತ್ರಿವುಡೆ ಹಿಡ್ಕಂಡು ಬಂದ ನೆಂಟ ಅನ್ನಿಸ್ತು ಮಾರಾಯ" ಎಂದಿದ್ದರು. ಅದೇ ಹಾಡಿನ ನಡುವೆ ಗಿಟಾರು ಒಂಟಿಯಾಗಿ ನುಡಿಯತೊಡಗಿದಾಗ ಎಣಿಕೆ ಏಳರಿಂದ ನಾಲ್ಕಕ್ಕೆ ಜಾರುತ್ತದೆ. ಕಲ್ಲುರಸ್ತೆಯಿಂದ ಬಸ್ಸು ಡಾಂಬರಿಗೆ ಹತ್ತಿದ ಹಾಗೆ ಮೈ ಹಗುರಾಗುವುದು ಆ ಕಾರಣಕ್ಕೆ.

ಮಾತು ತಿಳಿಯದಿದ್ದರೂ ಮುಟ್ಟುವುದು ಹೇಗೆ

ಮಾವನಿಗೆ ಆಗ ಇಂಗ್ಲಿಷ್ ಅಷ್ಟಕ್ಕಷ್ಟೇ. ಹಾಡಿನ ಮಾತುಗಳು ಪೂರ್ತಿ ಅರ್ಥವಾದದ್ದು ಎಷ್ಟೋ ವರ್ಷದ ಮೇಲೆ. ಆದರೂ ಹಿಡಿದುಕೊಂಡಿತು. ಇದಕ್ಕೆ ಕಾರಣ ಸಂಗೀತದೊಳಗೇ ಇದೆ.

ಬ್ಲೂಸ್‌ನಿಂದ ಬಂದ ಗಿಟಾರ್ ವಾದಕರು ಬಹಳ ಸಲ ಐದೇ ಸ್ವರಗಳಲ್ಲಿ ಓಡಾಡುತ್ತಾರೆ. ಆ ಐದನ್ನು ನಮ್ಮ ಹೆಸರಿನಲ್ಲಿ ಹೇಳಿದರೆ ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ. ಶುದ್ಧ ಧನ್ಯಾಸಿ ರಾಗದ ಸ್ವರಸ್ಥಾನಗಳೂ ಇವೇ. ಗಿಲ್ಮೋರ್ ನುಡಿಸುವ ಕ್ರಮ ನಮ್ಮದಲ್ಲ, ರಾಗದ ನಡೆಯೂ ಅಲ್ಲ. ಆದರೆ ಶುದ್ಧ ಧನ್ಯಾಸಿ ಕೇಳಿದ ಕಿವಿಗೆ ಆ ಮನೆಯ ಕೋಣೆಗಳು ಗುರುತು ಸಿಗುತ್ತವೆ. ಎರಡನೆಯದು, ಅವರು ತಂತಿಯನ್ನು ಎಳೆಯುವ ಬಗೆ. ಮೆಟ್ಟಿಲ ಮೇಲೆ ತಂತಿ ಒತ್ತಿ ಹಿಡಿದು, ಬೆರಳಿಂದ ಅಡ್ಡಕ್ಕೆ ಸರಿಸಿದರೆ ತಂತಿ ಬಿಗಿಯಾಗಿ ಸ್ವರ ಮೇಲೇರುತ್ತದೆ. ವೀಣೆಯಲ್ಲಿ ಗಮಕ ಹುಟ್ಟುವುದೂ ಹೀಗೆ ತಂತಿ ಎಳೆದೇ. ಸ್ವರದಿಂದ ಸ್ವರಕ್ಕೆ ಹಾರುವ ಬದಲು ಜಾರಿ ಹೋಗುವಾಗ ಅದು ಮನುಷ್ಯ ಗಂಟಲಿನ ಅಳು, ನಿಟ್ಟುಸಿರುಗಳನ್ನು ಹೋಲುತ್ತದೆ.

'ಡಾರ್ಕ್ ಸೈಡ್'ನ ಇನ್ನೊಂದು ಹಾಡಿನಲ್ಲಿ ಹಾಡುವ ಮಾತೇ ಇಲ್ಲ. ಕ್ಲೇರ್ ಟೋರಿ ಎಂಬ ಗಾಯಕಿಯನ್ನು ಕರೆಸಿ, ಸಾವನ್ನು ಮನಸ್ಸಿನಲ್ಲಿಟ್ಟುಕೊಂಡು ಶಬ್ದವಿಲ್ಲದೆ ಹಾಡಿ ಎಂದರು. ಆಕೆ ತನ್ನ ಕಂಠವನ್ನೇ ವಾದ್ಯ ಮಾಡಿಕೊಂಡು ಹಾಡಿದಳು. ಆ ದಿನ ಸಿಕ್ಕ ಸಂಭಾವನೆ 30 ಪೌಂಡ್. ಮುಂದೆ ಆಕೆ ಕೋರ್ಟಿಗೆ ಹೋಗಿ, 2005ರಲ್ಲಿ ರಾಜಿಯಾಗಿ, ಹಾಡು ಕಟ್ಟಿದವರ ಸಾಲಿನಲ್ಲಿ ಅವಳ ಹೆಸರೂ ಸೇರಿತು. ಸೇರಲೇಬೇಕಿತ್ತು. ಆಲಾಪನೆ ಕೇಳಿ ಬೆಳೆದ ಯಾರಿಗೂ ಆ ನಾಲ್ಕೂವರೆ ನಿಮಿಷಕ್ಕೆ ಅನುವಾದ ಬೇಕಾಗುವುದಿಲ್ಲ.

ಶಿವಮೊಗ್ಗಕ್ಕೆ ಬಂದ ದಾರಿ

1983ರಲ್ಲಿ ಇಲ್ಲಿ ಈ ಎಲ್‌ಪಿ ಕೊಳ್ಳುವ ಶಕ್ತಿ ಹಾಸ್ಟೆಲ್ ಹುಡುಗರಿಗೆ ಎಲ್ಲಿತ್ತು? ಬಂದದ್ದು ಕ್ಯಾಸೆಟ್ಟಿನಲ್ಲಿ. ಆಗ ಖಾಲಿ ಕ್ಯಾಸೆಟ್ಟು ಕೊಟ್ಟು, ಚೀಟಿಯಲ್ಲಿ ಹಾಡಿನ ಪಟ್ಟಿ ಬರೆದುಕೊಟ್ಟರೆ ತುಂಬಿಸಿಕೊಡುವ ಅಂಗಡಿಗಳಿದ್ದವು. ಮಾವನದ್ದು ಅಂಗಡಿಯದ್ದಲ್ಲ. ರೂಮ್‌ಮೇಟಿನ ಅಣ್ಣ ಬೆಂಗಳೂರಲ್ಲಿದ್ದ, ಅವನ ಬಳಿ ಎಲ್‌ಪಿಗಳಿದ್ದವು. ಒಂದು ಸಿ-90 ಕ್ಯಾಸೆಟ್ಟು ಹೋಯಿತು, ತುಂಬಿಕೊಂಡು ಬಂತು.

ಸಿ-90 ಎಂದರೆ ಎರಡು ಮಗ್ಗುಲು ಸೇರಿ 90 ನಿಮಿಷ, ಒಂದೊಂದಕ್ಕೆ 45. 'ಡಾರ್ಕ್ ಸೈಡ್' ಸುಮಾರು 43 ನಿಮಿಷ, 'ವಿಶ್ ಯು ವರ್ ಹಿಯರ್' ಸುಮಾರು 44. ಒಂದು ಈ ಕಡೆ, ಒಂದು ಆ ಕಡೆ, ಅಳತೆ ಮಾಡಿ ಹೊಲಿಸಿದ ಹಾಗೆ ಕೂತಿತು. ನಮ್ಮ ದೇಶದಲ್ಲಿ ಎಷ್ಟು ಜನರ ಬಳಿ ಇದೇ ಎರಡು ಆಲ್ಬಮ್ಮುಗಳು ಬೆನ್ನಿಗೆ ಬೆನ್ನು ಹಚ್ಚಿಕೊಂಡು ಒಂದೇ ಕ್ಯಾಸೆಟ್ಟಿನಲ್ಲಿದ್ದವೋ. ಅದರೊಳಗೆ ಸುಮಾರು 130 ಮೀಟರ್ ರೀಲು, ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ರೀಲಿನ ಮೇಲೆ ಕಬ್ಬಿಣದ ಆಕ್ಸೈಡಿನ ನುಣ್ಣನೆ ಪುಡಿ ಬಳಿದಿರುತ್ತದೆ. ಆ ಪುಡಿಯ ಕಣಗಳಲ್ಲಿ ಕಾಂತಶಕ್ತಿಯಾಗಿ ಹಾಡು ಕೂತಿರುತ್ತದೆ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಆ ಸೆರಗಿನ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ರೀಲಿಗೂ ಹಿಡಿಯುತ್ತದೆ. ಬಿಳಿ ಚುಕ್ಕೆ ಬಿದ್ದು ಪದರಕ್ಕೆ ಪದರ ಅಂಟುತ್ತದೆ. ಮಾವ ಆ ಕ್ಯಾಸೆಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಿಸ್ಕತ್ತಿನ ಡಬ್ಬಿಗೆ ಹಾಕಿ, ಮಳೆಗಾಲ ಪೂರ್ತಿ ಅಕ್ಕಿ ಡ್ರಮ್ಮಿನಲ್ಲಿ ಹೂತಿಡುತ್ತಿದ್ದರು. ಅತ್ತೆ ಅಕ್ಕಿ ತೆಗೆಯುವಾಗ ಕೈಗೆ ಸಿಕ್ಕರೆ ಒಂದು ಮಾತೂ ಆಡದೆ ಮತ್ತೆ ಒಳಗೆ ತಳ್ಳುತ್ತಿದ್ದರು.

ಒಂದು ವರ್ಷ, ಅಡಿಕೆ ಸುಲಿಯುವ ಹೊತ್ತಲ್ಲೇ, ರೀಲು ಯಂತ್ರದೊಳಗೆ ಸಿಕ್ಕಿ ಸುತ್ತಿಕೊಂಡಿತು. ಗಡಿಯಾರದ ಹಾಡಿನಲ್ಲಿ ಗಿಟಾರು ಮೇಲೇರುವ ಜಾಗ. ನಾನು ಟಾರ್ಚು ಹಿಡಿದು ನಿಂತಿದ್ದೆ. ಮಾವ ಹೇರ್‌ಪಿನ್ನಿನಲ್ಲಿ ಎಳೆ ಎಳೆಯಾಗಿ ಬಿಡಿಸಿದರು. ನುಜ್ಜುಗುಜ್ಜಾದ ಏಳು ಸೆಂಟಿಮೀಟರಿನಷ್ಟನ್ನು ಬ್ಲೇಡಿನಲ್ಲಿ ಕತ್ತರಿಸಿ ತೆಗೆದು, ಎರಡು ತುದಿಯನ್ನು ಸೆಲ್ಲೋಟೇಪಿನಲ್ಲಿ ಅಂಟಿಸಿ, ಪೆನ್ಸಿಲ್ ತೂರಿಸಿ ತಿರುಗಿಸಿ ಬಿಗಿ ಮಾಡಿದರು. ಏಳು ಸೆಂಟಿಮೀಟರ್ ಎಂದರೆ ಒಂದೂವರೆ ಸೆಕೆಂಡ್. ಕ್ಯಾಸೆಟ್ಟಿನಲ್ಲಿ ಎರಡೂ ಮಗ್ಗುಲಿನ ಹಾಡು ಒಂದೇ ರೀಲಿನ ಮೇಲ್ಭಾಗ ಕೆಳಭಾಗದಲ್ಲಿ ಇರುವುದರಿಂದ ಆಚೆಯ ಆಲ್ಬಮ್ಮಿನ ಕೊನೆಯ ಹಾಡಿನಲ್ಲೂ ಒಂದೂವರೆ ಸೆಕೆಂಡ್ ಹೋಯಿತು. ಅಲ್ಲಿಂದ ಮುಂದೆ ಆ ಜಾಗ ಬಂದಾಗ ಗಿಟಾರು ಒಂದು ಮೆಟ್ಟಿಲು ಬಿಟ್ಟು ಜಿಗಿಯುತ್ತಿತ್ತು.

ಈಗ ಮಾವನ ಫೋನಿನಲ್ಲಿ ಅದೇ ಹಾಡು ಸಂಪೂರ್ಣವಾಗಿದೆ, ಸ್ವಚ್ಛವಾಗಿದೆ. ಆದರೂ ಆ ಜಾಗಕ್ಕೆ ಬಂದಾಗ ಅವರ ಬೆರಳು ಒಂದು ಕ್ಷಣ ಮುಂಚೆ ಜಿಗಿಯುತ್ತದೆ. ನಾನು ನೋಡಿದ್ದೇನೆ. ಮುಂದಿನ ಭಾಗ ಅರ್ಥವಾಗಲು ಆ ಬೆರಳನ್ನು ನೆನಪಿಟ್ಟುಕೊಳ್ಳಿ.

ಮಿದುಳು ಮುಂದಿನ ಸ್ವರಕ್ಕೆ ಕಾಯುತ್ತದೆ

ಹಾಡು ಕೇಳುವಾಗ ಮಿದುಳು ಬಂದದ್ದನ್ನು ಪಡೆದುಕೊಂಡು ಸುಮ್ಮನಿರುವುದಿಲ್ಲ. ಮುಂದೇನು ಬರುತ್ತದೆ ಎಂದು ಒಳಗೊಳಗೇ ಊಹಿಸುತ್ತಲೇ ಇರುತ್ತದೆ. ಊಹೆ ನಿಜವಾದರೆ ಒಂದು ತೃಪ್ತಿ, ಸ್ವಲ್ಪ ತಪ್ಪಿದರೆ ಒಂದು ಪುಳಕ. ಹಳೆಯ ಹಾಡಿನಲ್ಲಿ ಎಲ್ಲ ಮೊದಲೇ ಗೊತ್ತಲ್ಲ, ಹಾಗಾದರೆ ಸುಖ ಎಲ್ಲಿಂದ ಬರಬೇಕು?

2011ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಅಳೆದರು. ತಮಗೆ ತೀರ ಇಷ್ಟವಾದ ಸಂಗೀತ ಕೇಳುವಾಗ ಜನರ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಎಲ್ಲಿ, ಯಾವಾಗ ಬಿಡುಗಡೆಯಾಗುತ್ತದೆ ಎಂದು ನೋಡಿದರು. ಡೋಪಮೈನ್ ಎಂದರೆ 'ಇದು ಬೇಕು, ಇದು ಚೆನ್ನ' ಎಂಬ ಸಂದೇಶ ಒಯ್ಯುವ ಅಂಚೆಯವನು. ಹಾಡಿನ ಮೈ ಜುಮ್ಮೆನ್ನುವ ಜಾಗದಲ್ಲಿ ಅದು ಬಂದದ್ದು ಸಹಜ. ಆದರೆ ಆ ಜಾಗಕ್ಕೆ ಕೆಲವು ಸೆಕೆಂಡು ಮುಂಚೆಯೇ, ಮಿದುಳಿನ ಬೇರೊಂದು ಭಾಗದಲ್ಲಿ, ಕಾಯುವಿಕೆಯ ಹೊತ್ತಿನಲ್ಲೂ ಅದು ಬರುತ್ತಿತ್ತು. ಹಬೆಯಲ್ಲಿ ಕೊಟ್ಟೆ ಕಡುಬು ಬೇಯುವ ಪರಿಮಳ ಬಂದಾಗಲೇ ಅರ್ಧ ಊಟವಾಗುತ್ತದಲ್ಲ, ಅದೇ. ಹಾಗೆ ಕಾಯಬೇಕೆಂದರೆ ಏನು ಬರುತ್ತದೆ ಎಂದು ಗೊತ್ತಿರಬೇಕು. ಅದು ಹಳೆಯ ಹಾಡಿನಲ್ಲೇ ಹೆಚ್ಚು ಸಾಧ್ಯ. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯಲ್ಲಿ ಗಮಕ ವಾಚನ ಕೇಳಲು ಕೂತವರಿಗೆ ಮುಂದಿನ ಷಟ್ಪದಿ ಬಾಯಿಗೇ ಬರುತ್ತದೆ. ಆದರೂ ಕೂರುತ್ತಾರೆ. ಬರುತ್ತದೆ ಎಂಬ ಕಾರಣಕ್ಕೇ ಕೂರುತ್ತಾರೆ ಎಂದರೂ ಸರಿ.

ಮಾವನ ಬೆರಳು ಜಿಗಿಯುವುದೂ ಇದೇ ಊಹೆಯ ಕೆಲಸ. ಅವರ ಮಿದುಳು ಕಲಿತಿರುವುದು ಲಂಡನ್ನಿನ ಹಾಡನ್ನಲ್ಲ, ಏಳು ಸೆಂಟಿಮೀಟರ್ ಕಡಿಮೆಯಿರುವ ತನ್ನ ಸ್ವಂತ ಪ್ರತಿಯನ್ನು.

ಇದೇ ಬ್ಯಾಂಡನ್ನು ಬಳಸಿ ನಡೆದ ಇನ್ನೊಂದು ಪ್ರಯೋಗವೂ ಇದೆ. ಮೂರ್ಛೆರೋಗದ ಚಿಕಿತ್ಸೆಗಾಗಿ ಮಿದುಳಿನ ಮೇಲ್ಮೈಗೆ ವಿದ್ಯುತ್ ತಂತುಗಳನ್ನು ಇರಿಸಿಕೊಂಡಿದ್ದ 29 ರೋಗಿಗಳಿಗೆ 'ದಿ ವಾಲ್' ಆಲ್ಬಮ್ಮಿನ ಒಂದು ಹಾಡು ಕೇಳಿಸಿದರು. ಅವರ ಮಿದುಳಿನ ಸಂಕೇತಗಳನ್ನಷ್ಟೇ ಕಂಪ್ಯೂಟರಿಗೆ ಕೊಟ್ಟು, ಅವುಗಳಿಂದ ಹಾಡನ್ನು ಮರಳಿ ಕಟ್ಟಲು ನೋಡಿದರು. ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳು 2023ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. ನೀರಿನಡಿಯಿಂದ ಕೇಳಿದಂತೆ ಮಸುಕಾಗಿತ್ತು, ಆದರೆ ಯಾವ ಹಾಡು ಎಂದು ಗುರುತು ಸಿಗುತ್ತಿತ್ತು. ಮಾತು ಕಳೆದುಕೊಂಡವರಿಗೆ ಯಂತ್ರದ ಮೂಲಕ ಮಾತು ಕೊಡುವಾಗ ಅದಕ್ಕೆ ಏರಿಳಿತವನ್ನೂ ಭಾವವನ್ನೂ ಕೊಡಲು ಇಂಥ ಕೆಲಸ ನೆರವಾಗಬಹುದು ಎಂಬುದು ಅವರ ಆಶಯ.

ಹದಿನೆಂಟರಲ್ಲಿ ಹತ್ತಿದ್ದು

ಹಾಗಿದ್ದರೆ ಯಾವ ಹಾಡನ್ನು ಎಷ್ಟು ಸಲ ಕೇಳಿದರೂ ಇಷ್ಟವಾಗಬೇಕಲ್ಲ? ಸ್ವಲ್ಪ ಮಟ್ಟಿಗೆ ಹೌದು. ಪರಿಚಯವೇ ಇಷ್ಟವನ್ನು ಹೆಚ್ಚಿಸುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯನ್ಸ್ 1968ರಲ್ಲೇ ತೋರಿಸಿದ್ದರು. ಆದರೆ ವಯಸ್ಸಿನ ಲೆಕ್ಕವೂ ಇದೆ. 1989ರಲ್ಲಿ ಅಮೆರಿಕದ ಹಾಲ್‌ಬ್ರೂಕ್ ಮತ್ತು ಶಿಂಡ್ಲರ್ ಎಂಬ ಸಂಶೋಧಕರು ಬೇರೆ ಬೇರೆ ವಯಸ್ಸಿನವರಿಗೆ ಬೇರೆ ಬೇರೆ ಕಾಲದ ಹಾಡು ಕೇಳಿಸಿ ಅಂಕ ಕೊಡಿಸಿದರು. ತಮಗೆ ಸುಮಾರು 23-24 ವರ್ಷವಾಗಿದ್ದಾಗ ಜನಪ್ರಿಯವಾಗಿದ್ದ ಹಾಡುಗಳಿಗೇ ಜನ ಹೆಚ್ಚು ಅಂಕ ಕೊಟ್ಟರು.

ಹರೆಯದಲ್ಲೂ ಅದರ ಬೆನ್ನಿಗೂ ಆದದ್ದು ಮುಂದೆ ಹೆಚ್ಚು ನೆನಪಿರುತ್ತದೆ ಎಂಬುದನ್ನು ನೆನಪಿನ ಮೇಲಿನ ಅಧ್ಯಯನಗಳು ಮತ್ತೆ ಮತ್ತೆ ಕಂಡಿವೆ. ಮೊದಲ ಸಲ ಮನೆ ಬಿಟ್ಟಿರುವುದು, ಮೊದಲ ಗೆಳೆತನ, ಮೊದಲ ಸೋಲು, 'ನಾನು ಯಾರು' ಎಂದು ತೀರ್ಮಾನವಾಗುವ ಕಾಲ ಅದು. ಆಗ ಹಿನ್ನೆಲೆಯಲ್ಲಿ ಓಡುತ್ತಿದ್ದ ಹಾಡು ಆ ತೀರ್ಮಾನದೊಳಗೇ ಸೇರಿಬಿಡುತ್ತದೆ. ತೋಟದಿಂದ ಬಂದ ಹುಡುಗನಿಗೆ ಹಾಸ್ಟೆಲಿನ ಇಕ್ಕಟ್ಟಿನ ಕೋಣೆ, ಮನೆಯ ನೆನಪು, ಭದ್ರಾವತಿ ಆಕಾಶವಾಣಿ ಮುಗಿದ ಮೇಲಿನ ರಾತ್ರಿಯ ಮೌನ. ಆ ಮೌನದಲ್ಲಿ 'ನೀನು ಇಲ್ಲಿ ಇರಬೇಕಿತ್ತು' ಎಂದು ಯಾರೋ ಹಾಡಿದರೆ ಅದು ಎಲ್ಲಿ ಹೋಗಿ ಕೂರುತ್ತದೆ ಎಂದು ಬೇರೆ ಹೇಳಬೇಕೆ?

ಕೊರತೆಯೂ ಇದಕ್ಕೆ ಕೈ ಸೇರಿಸಿತು ಎಂಬುದು ನನ್ನ ಅನಿಸಿಕೆ. ಇದ್ದದ್ದೇ ನಾಲ್ಕು ಕ್ಯಾಸೆಟ್ಟು. ಮುಂದಕ್ಕೆ ಓಡಿಸಿದರೆ ರೀಲು ಸವೆಯುತ್ತದೆ, ಬ್ಯಾಟರಿ ಮುಗಿಯುತ್ತದೆ. ಹಾಗಾಗಿ ಮೊದಲಿನಿಂದ ಕೊನೆವರೆಗೆ ಕೇಳಲೇಬೇಕು. ಮೊದಲ ಸಲ ಹಿಡಿಸದ ಹಾಡಿಗೂ ಹತ್ತನೆಯ ಸಲಕ್ಕೆ ಅವಕಾಶ ಸಿಗುತ್ತಿತ್ತು.

ಪ್ರೀತಿ ಮುಂದಿನ ತಲೆಮಾರಿಗೂ ಹರಿಯುತ್ತದೆ. ತಂದೆತಾಯಿಯ ಹರೆಯದ ಕಾಲದ ಹಾಡುಗಳ ಜೊತೆ ಕಾಲೇಜು ಹುಡುಗರಿಗೂ ಗಾಢ ನಂಟಿರುವುದನ್ನು 2013ರಲ್ಲಿ ಸಂಶೋಧಕಿ ಕ್ಯಾರಲ್ ಕ್ರಮ್‌ಹಾನ್ಸಲ್ ಮತ್ತು ಜೊತೆಗಾರರೊಬ್ಬರ ಅಧ್ಯಯನ ಗುರುತಿಸಿತು. ಚಿಕ್ಕಂದಿನಲ್ಲಿ ಮನೆಯಲ್ಲಿ ಕೇಳಿಬರುತ್ತಿದ್ದುದೇ ಇದಕ್ಕೆ ಕಾರಣವಿರಬೇಕು ಎಂಬುದು ಅವರ ವಿವರಣೆ.

ಮೂರು ಸಾವಿರ ಕೋಟಿಯ ಲೆಕ್ಕ

ಒಂದು ಹಾಡಿಗೆ ಎರಡು ಬಗೆಯ ಹಕ್ಕು. ಹಾಡನ್ನು ಬರೆದು ಸ್ವರ ಹಾಕಿದ್ದರ ಹಕ್ಕು ಒಂದು, ಮುದ್ರಿಸಿದ ಧ್ವನಿಯ ಹಕ್ಕು ಇನ್ನೊಂದು. ಸೋನಿ ಕೊಂಡದ್ದು ಎರಡನೆಯದನ್ನು, ಜೊತೆಗೆ ಬ್ಯಾಂಡಿನ ಹೆಸರು ಮತ್ತು ಚಿತ್ರಗಳನ್ನು ಬಳಸುವ ಹಕ್ಕನ್ನು. ಹೊಸ ಹಾಡು ಎಂದರೆ ಈ ವರ್ಷದ ಫಸಲಿನ ಖೇಣಿ ಹಿಡಿದಂತೆ, ಬಂದರೆ ಬಂತು. ಹಳೆಯ ಬ್ಯಾಂಡು ಎಂದರೆ ಫಲ ಕೊಡುತ್ತಿರುವ ತೋಟವನ್ನೇ ಕೊಂಡಂತೆ. 'ಡಾರ್ಕ್ ಸೈಡ್' ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ, ಅಂದರೆ ಹೆಚ್ಚು ಮಾರಾಟವಾಗುವ ಆಲ್ಬಮ್ಮುಗಳ ವಾರದ ಪಟ್ಟಿಯಲ್ಲಿ, ಮೊದಲ ಸ್ಥಾನದಲ್ಲಿ ಇದ್ದದ್ದು ಒಂದೇ ಒಂದು ವಾರ. ಆದರೆ ಅದೇ ಪಟ್ಟಿಯೊಳಗೆ 1973ರಿಂದ 1988ರ ನಡುವೆ 741 ವಾರ ಉಳಿದಿತ್ತು. ಕೊಂಡವರು ನೋಡಿದ್ದು ಈ ಎರಡನೆಯ ಸಂಖ್ಯೆಯನ್ನು.

ಕೇಳಬೇಕು ಅನ್ನಿಸಿದರೆ

ಬಿಡಿ ಹಾಡಿನಿಂದ ಶುರು ಮಾಡಬೇಡಿ. 'ಡಾರ್ಕ್ ಸೈಡ್' ಹಾಕಿ, ಹಾಡುಗಳ ಕ್ರಮ ಕಲಸದೆ, ನಡುವೆ ನಿಲ್ಲಿಸದೆ ಕೇಳಿ. ಶಿವಮೊಗ್ಗದಲ್ಲಿ ತೀರ್ಥಹಳ್ಳಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು, ಊರು ದಾಟುವಾಗ ಶುರು ಮಾಡಿದರೆ ಗಾಜನೂರು, ಸಕ್ರೆಬೈಲು ಕಳೆದು, ತುಂಗೆ ಒಂದು ಪಕ್ಕಕ್ಕೆ ಬಂದು, ಮಂಡಗದ್ದೆಯ ಹತ್ತಿರ ಹತ್ತಿರ ಕೊನೆಯ ಎದೆಬಡಿತ ಕೇಳುತ್ತದೆ. ದುಡ್ಡಿನ ಹಾಡು ಬಂದಾಗ ಏಳು ಎಣಿಸಿ ನೋಡಿ.

ಮಗಳು ಹೋದ ದಸರಾ ರಜೆಯಲ್ಲಿ ಹಾಗೇ ಮಾಡಿದಳು. ಚಿಕ್ಕಂದಿನಲ್ಲಿ ಚಪ್ಪರದಡಿ ಅಜ್ಜನ ಕ್ಯಾಸೆಟ್ಟನ್ನು ಕೇಳಿದ್ದು ಬಿಟ್ಟರೆ ಅವಳಾಗಿ ಪೂರ್ತಿ ಕೇಳಿದ್ದು ಅದೇ ಮೊದಲು. ತೋಟದ ಮನೆ ತಲುಪಿ ಕಾಲು ತೊಳೆಯುವ ಮೊದಲೇ ಕೇಳಿದಳು: "ಅಜ್ಜ, ಆ ಗಡಿಯಾರದ ಹಾಡಲ್ಲಿ ಗಿಟಾರ್ ಬರೋ ಕಡೆ ಏನೋ ಒಂಚೂರು ಜಾಸ್ತಿ ಇದೆ ಅಲ್ವಾ?"

ಮಾವ ಅವಳ ಮುಖವನ್ನೇ ನೋಡಿದರು. "ಜಾಸ್ತಿ ಅಲ್ಲ ಮಾರಾಯ್ತಿ, ನಮ್ದ್ರಲ್ಲಿ ಕಮ್ಮಿ" ಎಂದು ಹೇಳಿ, ಬಿಸ್ಕತ್ತಿನ ಡಬ್ಬಿ ತರಲು ಒಳಗೆ ಹೋದರು.